ಫೋನಿನ ಫೋಟೊ ಕಂಪ್ಯೂಟರಿಗೆ: ಇಮೇಲ್ ದಾರಿ

ಸ್ಮಾರ್ಟ್‌ಫೋನಿನಲ್ಲಿ ತೆಗೆದ ಫೋಟೊವನ್ನು ಕಂಪ್ಯೂಟರಿಗೆ ಸಾಗಿಸುವ ದಾರಿಗಳಲ್ಲಿ ಅತ್ಯಂತ ಕಡಿಮೆ ಸಿದ್ಧತೆ ಬೇಡುವುದು ಇಮೇಲ್. ಕೇಬಲ್ ಹುಡುಕಬೇಕಿಲ್ಲ, ಹೊಸ ಆ್ಯಪ್ ಹಾಕಿಕೊಳ್ಳಬೇಕಿಲ್ಲ, ಫೋನೂ ಕಂಪ್ಯೂಟರೂ ಒಂದೇ ಊರಿನಲ್ಲಿ ಇರಬೇಕಾಗಿಯೂ ಇಲ್ಲ. ಶಿರಸಿಯಲ್ಲಿ ತೆಗೆದ ಫೋಟೊ ಪಕ್ಕದ ಕೋಣೆಯ ಕಂಪ್ಯೂಟರಿಗೆ ಹೋಗುವ ಕ್ರಮವೂ ಬೆಂಗಳೂರಿನ ಲ್ಯಾಪ್‌ಟಾಪಿಗೆ ಹೋಗುವ ಕ್ರಮವೂ ಒಂದೇ. ಫೋನ್ ಆಂಡ್ರಾಯ್ಡ್ ಆಗಿರಲಿ ಐಫೋನ್ ಆಗಿರಲಿ, ಕಂಪ್ಯೂಟರು ವಿಂಡೋಸ್ ಆಗಿರಲಿ ಮ್ಯಾಕ್ ಅಥವಾ ಲಿನಕ್ಸ್ ಆಗಿರಲಿ, ಇಮೇಲ್ ಎಲ್ಲ ಕಡೆಯೂ ತೆರೆಯುತ್ತದೆ. ಪ್ಲೇ ಸ್ಟೋರ್ ಬಳಸಲು ಗೂಗಲ್ ಖಾತೆ ಬೇಕೇ ಬೇಕಾದ್ದರಿಂದ ಆಂಡ್ರಾಯ್ಡ್ ಫೋನ್ ಇರುವ ಬಹುಪಾಲು ಜನರಿಗೆ ಜಿಮೇಲ್ ವಿಳಾಸವೂ ಆಗಲೇ ಇರುತ್ತದೆ. ಎಷ್ಟೋ ಜನ ಅದನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ, ಅಷ್ಟೇ.

ಈ ದಾರಿಗೆ ಇನ್ನೊಂದು ದೊಡ್ಡ ಗುಣವಿದೆ. ಫೋಟೊ ಫೋನಿನಲ್ಲಿ ಹೇಗಿತ್ತೋ ಹಾಗೆಯೇ, ಒಂದು ಚುಕ್ಕಿಯೂ ಕಡಿಮೆಯಾಗದೆ ಕಂಪ್ಯೂಟರಿಗೆ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಗುಣಮಟ್ಟದಲ್ಲಿ ಕಳುಹಿಸಿದ ಫೋಟೊ ಹಾಗೆ ಬರುವುದಿಲ್ಲ. ಡೇಟಾ ಉಳಿಸುವುದಕ್ಕಾಗಿ ಆ ಆ್ಯಪ್ ಫೋಟೊವನ್ನು ಕುಗ್ಗಿಸಿಯೇ ಕಳುಹಿಸುತ್ತದೆ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿಗಳಷ್ಟು ಇರುತ್ತದೆ. ಕುಗ್ಗಿದ ಮೇಲೆ ಅದು ಸುಮಾರು 1600 ಮತ್ತು 1200ಕ್ಕೆ ಇಳಿಯುತ್ತದೆ, ಅಂದರೆ ಮೂಲದ ಆರನೇ ಒಂದು ಭಾಗಕ್ಕೂ ಕಡಿಮೆ. ಫೋನಿನ ಪರದೆಯಲ್ಲಿ ನೋಡುವಾಗ ವ್ಯತ್ಯಾಸವೇ ತಿಳಿಯುವುದಿಲ್ಲ. ಮುದ್ರಿಸಿದಾಗ ತಿಳಿಯುತ್ತದೆ. ಒಳ್ಳೆಯ ಮುದ್ರಣಕ್ಕೆ ಒಂದು ಅಂಗುಲಕ್ಕೆ 300 ಚುಕ್ಕಿ ಬೇಕು ಎಂಬುದು ಸ್ಟುಡಿಯೊಗಳ ಸಾಮಾನ್ಯ ಲೆಕ್ಕ. ಆ ಪ್ರಕಾರ 4x6 ಅಂಗುಲದ ಪ್ರತಿಗೆ 1200 ಮತ್ತು 1800 ಚುಕ್ಕಿ ಸಾಕು. ವಾಟ್ಸ್ಆ್ಯಪ್ ಫೋಟೊ ಅದಕ್ಕೆ ಹೇಗೋ ಸಾಲುತ್ತದೆ. ಗೋಡೆಗೆ ತೂಗುಹಾಕುವ 8x12 ಅಂಗುಲದ ಪ್ರತಿಗೆ 2400 ಮತ್ತು 3600 ಬೇಕು. ಅಲ್ಲಿ ಅದು ಕೈಕೊಡುತ್ತದೆ, ಮುಖಗಳು ಮಸುಕಾಗುತ್ತವೆ. ಮನೆಯ ಹಿರಿಯರ ಒಂದೇ ಒಂದು ಒಳ್ಳೆಯ ಫೋಟೊವನ್ನು ದೊಡ್ಡದು ಮಾಡಿಸುವ ಸಂದರ್ಭದಲ್ಲಿ ಇದು ಸಣ್ಣ ವಿಷಯವಲ್ಲ. ವಾಟ್ಸ್ಆ್ಯಪ್‌ನಲ್ಲಿ ಎಚ್‌ಡಿ ಆಯ್ಕೆಯೂ ಇದೆ, ಫೋಟೊವನ್ನು ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಅದು ಕುಗ್ಗುವುದೂ ಇಲ್ಲ. ಆದರೆ ಹಾಗೆ ಕಳುಹಿಸಬೇಕೆಂದು ಪ್ರತಿಸಲವೂ ನೆನಪಿಡಬೇಕು. ಇಮೇಲಿನಲ್ಲಿ ಕುಗ್ಗಿಸದಿರುವುದೇ ಸಾಮಾನ್ಯ ಕ್ರಮ, ಕುಗ್ಗಿಸಬೇಕಾದರೆ ಮಾತ್ರ ಹೇಳಬೇಕು.

ಮೊದಲು ಗಾತ್ರ ನೋಡುವುದು

ಇಮೇಲಿನ ಮಿತಿ ಇರುವುದು ಗಾತ್ರದಲ್ಲಿ. ಜಿಮೇಲ್ ಮತ್ತು ಯಾಹೂ ಒಂದು ಮೇಲಿಗೆ 25 ಎಂಬಿವರೆಗೆ ಒಪ್ಪುತ್ತವೆ, ಆ್ಯಪಲ್‌ನ ಐಕ್ಲೌಡ್ ಮೇಲ್ 20 ಎಂಬಿವರೆಗೆ. ಕೆಲವು ಕಚೇರಿಗಳ ಮೇಲ್ ಸರ್ವರ್ 10 ಎಂಬಿಗೇ ಬಾಗಿಲು ಹಾಕುತ್ತದೆ. ಇದು ಒಂದೊಂದು ಫೋಟೊದ ಮಿತಿಯಲ್ಲ, ಆ ಮೇಲಿನಲ್ಲಿ ಸೇರಿಸಿದ ಎಲ್ಲ ಫೋಟೊಗಳ ಒಟ್ಟು ಮಿತಿ.

ಆದ್ದರಿಂದ ಕಳುಹಿಸುವ ಮೊದಲು ಫೋಟೊ ಎಷ್ಟು ದೊಡ್ಡದೆಂದು ನೋಡಿಕೊಳ್ಳಬೇಕು. ಗೂಗಲ್ ಫೋಟೋಸ್ ಆ್ಯಪಿನಲ್ಲಿ ಫೋಟೊ ತೆರೆದು ಬೆರಳನ್ನು ಮೇಲಕ್ಕೆ ಸರಿಸಿದರೆ ತಾರೀಖು, ಫೈಲಿನ ಹೆಸರು, ಮೆಗಾಪಿಕ್ಸೆಲ್ ಮತ್ತು ಎಂಬಿ ಲೆಕ್ಕ ಕಾಣುತ್ತದೆ. ಐಫೋನಿನ ಫೋಟೋಸ್ ಆ್ಯಪಿನಲ್ಲಿಯೂ ಹಾಗೆಯೇ. 12 ಮೆಗಾಪಿಕ್ಸೆಲ್ ಫೋಟೊ ಜೆಪೆಗ್ ರೂಪದಲ್ಲಿ ಸಾಮಾನ್ಯವಾಗಿ 3ರಿಂದ 5 ಎಂಬಿ ಇರುತ್ತದೆ. ಕ್ಯಾಮೆರಾವನ್ನು 50 ಮೆಗಾಪಿಕ್ಸೆಲ್‌ಗೆ ಇಟ್ಟು ತೆಗೆದಿದ್ದರೆ ಒಂದೇ ಫೋಟೊ 10 ಎಂಬಿ ದಾಟಬಹುದು. ಮರಗಿಡ, ಜನಜಂಗುಳಿ, ಕಸೂತಿ ಸೀರೆ ಹೀಗೆ ಸೂಕ್ಷ್ಮ ವಿವರ ಹೆಚ್ಚಿರುವ ಫೋಟೊ ದೊಡ್ಡದಾಗುತ್ತದೆ. ಖಾಲಿ ಗೋಡೆಯ, ಬರೀ ಆಕಾಶದ ಫೋಟೊ ಚಿಕ್ಕದಾಗುತ್ತದೆ. ಹೀಗಾಗಿ ಒಂದೇ ಫೋನಿನಲ್ಲಿ ಒಂದೇ ದಿನ ತೆಗೆದ ಎರಡು ಫೋಟೊಗಳ ಗಾತ್ರದಲ್ಲೂ ಬಹಳ ಅಂತರ ಇರಬಹುದು.

25 ಎಂಬಿ ಎಂದಮಾತ್ರಕ್ಕೆ 25 ಎಂಬಿ ತುಂಬಲು ಹೋಗಬಾರದು. 18 ಎಂಬಿ ಒಳಗೆ ನಿಲ್ಲಿಸುವುದು ಕ್ಷೇಮ. ಇದಕ್ಕೆ ಕಾರಣ ಇಮೇಲಿನ ಹುಟ್ಟಿನಲ್ಲೇ ಇದೆ.

18ರ ಲೆಕ್ಕ ಎಲ್ಲಿಂದ ಬಂತು

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲ ಇಮೇಲ್ ಹೋದದ್ದು 1971ರಲ್ಲಿ. ಕಳುಹಿಸಿದವರು ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್. ವಿಳಾಸದ ನಡುವೆ ಇಂದಿಗೂ ಬಳಕೆಯಲ್ಲಿರುವ ಆ್ಯಟ್ ಚಿಹ್ನೆಯನ್ನು ಆರಿಸಿದವರೂ ಅವರೇ. ಮುಂದೆ 1982ರಲ್ಲಿ ಇಮೇಲ್ ಸಾಗಾಟಕ್ಕೆ ಎಸ್‌ಎಂಟಿಪಿ ಎಂಬ ನಿಯಮಾವಳಿ ಬಂತು. ಈ ಎರಡೂ ಕಾಲದಲ್ಲಿ ಇಮೇಲ್ ಎಂದರೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳ ಬರಹ. ಚಿತ್ರಕ್ಕೆ ಅಲ್ಲಿ ಜಾಗವಿರಲಿಲ್ಲ. ಕನ್ನಡ ಅಕ್ಷರಕ್ಕೂ ಇರಲಿಲ್ಲ.

ಚಿತ್ರಕ್ಕೆ ಜಾಗ ಸಿಕ್ಕಿದ್ದು 1992ರಲ್ಲಿ, ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ಮೈಮ್ ಎಂಬ ಪದ್ಧತಿಯಿಂದ. ಆ ವರ್ಷದ ಮಾರ್ಚ್ 11ರಂದು ಬೊರೆನ್‌ಸ್ಟೈನ್ ಒಂದು ಮೇಲಿನ ಜೊತೆ ತಾವೂ ಹಾಡುತ್ತಿದ್ದ ನಾಲ್ವರ ಗಾಯನ ತಂಡದ ಚಿತ್ರವನ್ನೂ ಹಾಡಿನ ಧ್ವನಿಯನ್ನೂ ಲಗತ್ತಿಸಿ ಕಳುಹಿಸಿದರು. ಇಂದು ಫೋನಿನಲ್ಲಿ ಕಾಣುವ ಪೇಪರ್ ಕ್ಲಿಪ್ ಗುರುತಿನ ಹಿಂದೆ ಇರುವುದು ಅದೇ ಪದ್ಧತಿ.

ಆದರೆ ಹಳೆಯ ದಾರಿಯನ್ನು ಅವರು ಕೆಡವಲಿಲ್ಲ. ದಾರಿ ಬರಹಕ್ಕೆ ಮಾತ್ರ ಮೀಸಲಾಗಿದ್ದರಿಂದ ಚಿತ್ರವನ್ನೇ ಬರಹದ ವೇಷ ಹಾಕಿಸಿ ಕಳುಹಿಸುವ ಉಪಾಯ ಮಾಡಿದರು. ಇಂಗ್ಲಿಷಿನ 26 ದೊಡ್ಡ ಅಕ್ಷರ, 26 ಸಣ್ಣ ಅಕ್ಷರ, 10 ಅಂಕಿ, ಜೊತೆಗೆ ಎರಡು ಚಿಹ್ನೆ, ಒಟ್ಟು 64. ಫೋಟೊದ ಪ್ರತಿ ಮೂರು ಬೈಟ್ ಮಾಹಿತಿಯನ್ನು ಈ 64ರಲ್ಲಿ ನಾಲ್ಕು ಅಕ್ಷರಗಳಾಗಿ ಬರೆಯಲಾಗುತ್ತದೆ. ಬೇಸ್ 64 ಎಂಬ ಹೆಸರು ಬಂದದ್ದು ಇದರಿಂದಲೇ. ಆ ಕಡೆ ತಲುಪಿದ ಮೇಲೆ ನಾಲ್ಕು ಅಕ್ಷರಗಳು ಮತ್ತೆ ಮೂರು ಬೈಟ್ ಆಗುತ್ತವೆ. ಚಿತ್ರದಲ್ಲಿ ಏನೂ ಕಳೆದುಹೋಗುವುದಿಲ್ಲ. ಆದರೆ ಸಾಗುವಾಗ ಮಾತ್ರ ಮೂರು ಇದ್ದದ್ದು ನಾಲ್ಕು ಆಗಿರುತ್ತದೆ. 18 ಎಂಬಿ ಫೋಟೊಗಳು ಹೀಗೆ ವೇಷ ಹಾಕಿದಾಗ 24 ಎಂಬಿ ಆಗುತ್ತವೆ. ಮಿತಿಯೊಳಗೇ ಇದ್ದ ಮೇಲ್ ಎಲ್ಲಿಯೋ ನಡುದಾರಿಯಲ್ಲಿ ತಿರಸ್ಕೃತವಾಗಿ ವಾಪಸು ಬಂತು ಎಂದರೆ ಬಹಳ ಸಲ ಕಾರಣ ಈ ಮೂರು-ನಾಲ್ಕರ ಲೆಕ್ಕವೇ.

ಇದನ್ನು ತಿಳಿದರೆ ಹಂಚುವುದು ಸುಲಭ. 4 ಎಂಬಿಯ ಫೋಟೊಗಳಾದರೆ ಒಂದು ಮೇಲಿಗೆ ನಾಲ್ಕು. ಹನ್ನೆರಡು ಫೋಟೊಗಳಿದ್ದರೆ ಮೂರು ಮೇಲ್. ವಿಷಯದ ಸಾಲಿನಲ್ಲಿ ಒಂದು, ಎರಡು, ಮೂರು ಎಂದು ಗುರುತು ಹಾಕಿದರೆ ಆ ಕಡೆ ಯಾವುದು ಬಂತು ಯಾವುದು ಬರಲಿಲ್ಲ ಎಂಬುದು ತಕ್ಷಣ ಗೊತ್ತಾಗುತ್ತದೆ.

ಆಂಡ್ರಾಯ್ಡ್ ಫೋನಿನಿಂದ

ಗ್ಯಾಲರಿ ಅಥವಾ ಗೂಗಲ್ ಫೋಟೋಸ್ ತೆರೆದು, ಬೇಕಾದ ಫೋಟೊದ ಮೇಲೆ ಬೆರಳು ಒತ್ತಿ ಹಿಡಿದರೆ ಆಯ್ಕೆಯ ಗುರುತು ಬೀಳುತ್ತದೆ. ಉಳಿದವುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದರೆ ಎಲ್ಲವೂ ಆಯ್ಕೆಯಾಗುತ್ತವೆ. ಆಮೇಲೆ ಶೇರ್ ಒತ್ತಿ, ಬರುವ ಆ್ಯಪ್‌ಗಳ ಸಾಲಿನಲ್ಲಿ ಜಿಮೇಲ್ ಆರಿಸಬೇಕು. ಮೊದಲ ಸಾಲಿನಲ್ಲಿ ಅದು ಕಾಣದಿದ್ದರೆ ಪಕ್ಕಕ್ಕೆ ಅಥವಾ ಮೇಲಕ್ಕೆ ಸರಿಸಿ ನೋಡಬೇಕು. ಹೊಸ ಮೇಲ್ ತೆರೆದುಕೊಂಡು ಅದರ ಒಡಲಿನಲ್ಲಿ ಫೋಟೊಗಳು ಆಗಲೇ ಕುಳಿತಿರುತ್ತವೆ. ಟು ಎಂಬಲ್ಲಿ ವಿಳಾಸ ತುಂಬಬೇಕು. ಫೋಟೊ ಸ್ವಂತ ಕಂಪ್ಯೂಟರಿಗೇ ಬೇಕಾದರೆ ಸ್ವಂತ ವಿಳಾಸವನ್ನೇ ಬರೆಯಬೇಕು. ತನಗೆ ತಾನೇ ಮೇಲ್ ಕಳುಹಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಇನ್ನೊಂದು ಕ್ರಮದಲ್ಲಿ ಜಿಮೇಲ್ ಮೊದಲು ತೆರೆದು, ಕಂಪೋಸ್ ಒತ್ತಿ, ಪೇಪರ್ ಕ್ಲಿಪ್ ಗುರುತಿನ ಮೂಲಕ ಫೋಟೊ ಸೇರಿಸಬಹುದು. ಒಂದೆರಡು ಫೋಟೊಗಳಿಗೆ ಇದು ಸರಿ. ಹೆಚ್ಚಿದ್ದರೆ ಗ್ಯಾಲರಿಯಿಂದ ಹೊರಡುವುದೇ ಮೇಲು, ಏಕೆಂದರೆ ಅಲ್ಲಿ ಫೋಟೊಗಳು ದೊಡ್ಡದಾಗಿ ಕಾಣುತ್ತವೆ, ಒಂದರ ಬದಲು ಇನ್ನೊಂದನ್ನು ಆರಿಸುವ ಸಾಧ್ಯತೆ ಕಡಿಮೆ.

ವಿಷಯದ ಸಾಲನ್ನು ಖಾಲಿ ಬಿಡುವ ಅಭ್ಯಾಸ ಒಳ್ಳೆಯದಲ್ಲ. ‘ಅಮ್ಮನ ಪಿಂಚಣಿ ಅರ್ಜಿ ಫೋಟೊ’ ಎಂದೋ ‘ತೋಟದ ಹಿಸ್ಸೆ ನಕ್ಷೆ’ ಎಂದೋ ಕನ್ನಡದಲ್ಲೇ ಬರೆದರೆ, ಎರಡು ವರ್ಷದ ನಂತರವೂ ಜಿಮೇಲಿನ ಹುಡುಕು ಪಟ್ಟಿಯಲ್ಲಿ ‘ಪಿಂಚಣಿ’ ಎಂದು ಕನ್ನಡದಲ್ಲೇ ಹುಡುಕಿ ತೆಗೆಯಬಹುದು. ಫೋಟೊ ಸಾಗಿಸುವ ಬೇರೆ ದಾರಿಗಳಲ್ಲಿ ಈ ಸೌಲಭ್ಯ ಇಷ್ಟು ಸಲೀಸಾಗಿಲ್ಲ.

ಕಳುಹಿಸುವುದೇ ಬೇಡ ಎನ್ನುವವರಿಗೆ ಡ್ರಾಫ್ಟ್ ಒಂದು ಒಳ್ಳೆಯ ಉಪಾಯ. ಮೇಲ್ ಬರೆಯಲು ತೊಡಗಿ, ಫೋಟೊ ಸೇರಿಸಿ, ವಿಳಾಸ ತುಂಬದೆ ಹಿಂದಕ್ಕೆ ಬಂದರೆ ಅದು ಡ್ರಾಫ್ಟ್ ಆಗಿ ಉಳಿಯುತ್ತದೆ. ಫೋನಿಗೆ ಇಂಟರ್ನೆಟ್ ಇದ್ದರೆ ಆ ಡ್ರಾಫ್ಟ್ ಸರ್ವರಿಗೂ ಹೋಗಿರುತ್ತದೆ. ಕಂಪ್ಯೂಟರಿನಲ್ಲಿ ಅದೇ ಖಾತೆಯ ಡ್ರಾಫ್ಟ್ಸ್ ಫೋಲ್ಡರ್ ತೆರೆದು ಫೋಟೊ ಇಳಿಸಿಕೊಳ್ಳಬಹುದು. ವಿಳಾಸವೇ ಇಲ್ಲದ ಮೇಲೆ ತಪ್ಪು ವಿಳಾಸಕ್ಕೆ ಹೋಗುವ ಭಯವೂ ಇಲ್ಲ.

ಒಟ್ಟು ಗಾತ್ರ 25 ಎಂಬಿ ಮೀರಿದರೆ ಜಿಮೇಲ್ ಫೋಟೊವನ್ನು ಗೂಗಲ್ ಡ್ರೈವ್‌ಗೆ ಹಾಕಿ, ಮೇಲಿನಲ್ಲಿ ಅದರ ಕೊಂಡಿಯನ್ನಷ್ಟೇ ಕಳುಹಿಸುವ ದಾರಿ ಹಿಡಿಯುತ್ತದೆ. ತನಗೆ ತಾನೇ ಕಳುಹಿಸಿಕೊಳ್ಳುವಾಗ ಇದರಿಂದ ತೊಂದರೆಯಿಲ್ಲ. ಬೇರೆಯವರಿಗೆ ಕಳುಹಿಸುವಾಗ ಕೊಂಡಿಯನ್ನು ತೆರೆಯುವ ಅನುಮತಿ ಅವರಿಗೆ ಇದೆಯೇ ಎಂದು ನೋಡಬೇಕು. ಅನುಮತಿ ಇಲ್ಲದಿದ್ದರೆ ಅವರಿಗೆ ಫೋಟೊದ ಬದಲು ಅನುಮತಿ ಕೇಳಿ ಎಂಬ ಪುಟ ಕಾಣುತ್ತದೆ.

ಐಫೋನಿನಲ್ಲಿ ಒಂದು ಪ್ರಶ್ನೆ

ಐಫೋನಿನ ಕ್ರಮವೂ ಇದೇ: ಫೋಟೋಸ್ ಆ್ಯಪ್, ಆಯ್ಕೆ, ಶೇರ್ ಗುರುತು, ಮೇಲ್. ಬೇರೆಯಾಗುವುದು ಕಳುಹಿಸುವ ಹಂತದಲ್ಲಿ. ಆ್ಯಪಲ್‌ನ ಮೇಲ್ ಆ್ಯಪ್ ಫೋಟೊದ ಅಳತೆಯನ್ನು ಕೇಳುತ್ತದೆ. ಸ್ಮಾಲ್, ಮೀಡಿಯಂ, ಲಾರ್ಜ್, ಆ್ಯಕ್ಚುವಲ್ ಸೈಜ್ ಎಂಬ ನಾಲ್ಕು ಆಯ್ಕೆಗಳು ಇರುತ್ತವೆ. ಅವಸರದಲ್ಲಿ ಸ್ಮಾಲ್ ಒತ್ತಿದವರ ಫೋಟೊ ಕಂಪ್ಯೂಟರಿನಲ್ಲಿ ಅಂಚೆಚೀಟಿಯಷ್ಟಾಗಿ ಬಂದಿರುತ್ತದೆ. ಮುದ್ರಣಕ್ಕೆ, ಆಲ್ಬಮ್ಮಿಗೆ, ಕಾಪಿಟ್ಟುಕೊಳ್ಳುವುದಕ್ಕೆ ಆ್ಯಕ್ಚುವಲ್ ಸೈಜ್ ಒಂದೇ ಸರಿಯಾದ ಉತ್ತರ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಕಂಪನಿಯವರದೇ ಇಮೇಲ್ ಆ್ಯಪ್ ಇದ್ದರೆ ಅದೂ ಫೋಟೊ ಕುಗ್ಗಿಸಲೇ ಎಂದು ಕೇಳಬಹುದು. ಅಲ್ಲಿಯೂ ಉತ್ತರ ಇದೇ.

ಐಫೋನ್ ಫೋಟೊಗಳಿಗೆ ಎಚ್‌ಇಐಸಿ ಎಂಬ ಇನ್ನೊಂದು ಸಂಗತಿ ಇದೆ. 2017ರಲ್ಲಿ ಬಂದ ಐಓಎಸ್ 11ರಿಂದ ಈಚೆಗೆ ಆ್ಯಪಲ್ ಫೋಟೊಗಳನ್ನು ಈ ರೂಪದಲ್ಲಿ ಉಳಿಸುತ್ತ ಬಂದಿದೆ. ಜೆಪೆಗ್‌ಗೆ ಹೋಲಿಸಿದರೆ ಜಾಗ ಹೆಚ್ಚುಕಡಿಮೆ ಅರ್ಧ ಸಾಕು. ಫೋನಿಗೆ ಅನುಕೂಲವೇ, ಆದರೆ ಎಷ್ಟೋ ವಿಂಡೋಸ್ ಕಂಪ್ಯೂಟರುಗಳಲ್ಲಿ ಅದು ತೆರೆಯುವುದಿಲ್ಲ. ಆ್ಯಪಲ್‌ನ ಮೇಲ್ ಆ್ಯಪ್ ಸಾಮಾನ್ಯವಾಗಿ ತಾನೇ ಜೆಪೆಗ್‌ಗೆ ಬದಲಿಸಿ ಕಳುಹಿಸುತ್ತದೆ. ಬೇರೆ ಆ್ಯಪ್‌ಗಳಿಂದ ಕಳುಹಿಸಿದಾಗ ಎಚ್‌ಇಐಸಿಯೇ ಬಂದಿಳಿಯಬಹುದು. ಆಗ ಮೈಕ್ರೋಸಾಫ್ಟ್ ಸ್ಟೋರಿನಿಂದ ಹೀಫ್ ಇಮೇಜ್ ಎಕ್ಸ್‌ಟೆನ್ಶನ್ಸ್ ಎಂಬ ಉಚಿತ ಸೌಲಭ್ಯ ಹಾಕಿಕೊಳ್ಳಬೇಕು. ಕೆಲವು ಕಂಪ್ಯೂಟರುಗಳಲ್ಲಿ ಅದರ ಜೊತೆ ಎಚ್‌ಇವಿಸಿ ಎಂಬ ಇನ್ನೊಂದೂ ಬೇಕಾಗುತ್ತದೆ, ಅದಕ್ಕೆ ಸಣ್ಣ ಮೊತ್ತ ಕೊಡಬೇಕು. ಇದಕ್ಕಿಂತ ಸರಳವಾದದ್ದು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಎಂಬುದನ್ನು ಆರಿಸಿಬಿಡುವುದು. ಅಲ್ಲಿಂದಾಚೆ ತೆಗೆಯುವ ಫೋಟೊಗಳೆಲ್ಲ ಜೆಪೆಗ್ ಆಗಿರುತ್ತವೆ. ಹಿಂದೆ ತೆಗೆದವು ಮಾತ್ರ ಬದಲಾಗುವುದಿಲ್ಲ. ಒತ್ತಿದಾಗ ಕ್ಷಣಕಾಲ ಚಲಿಸುವ ಲೈವ್ ಫೋಟೊಗಳು ಮೇಲಿನಲ್ಲಿ ಹೋಗುವಾಗ ಚಲನೆ ಕಳೆದುಕೊಂಡು ಸಾದಾ ಫೋಟೊ ಆಗುತ್ತವೆ.

ಐಕ್ಲೌಡ್ ವಿಳಾಸ ಇರುವವರಿಗೆ ಮೇಲ್ ಡ್ರಾಪ್ ಎಂಬ ಅನುಕೂಲವೂ ಇದೆ. ಗಾತ್ರ ಮಿತಿ ಮೀರಿದಾಗ 5 ಜಿಬಿವರೆಗಿನ ಫೈಲುಗಳನ್ನು ಆ್ಯಪಲ್ ತನ್ನಲ್ಲಿ ಇಟ್ಟುಕೊಂಡು ಕೊಂಡಿ ಕಳುಹಿಸುತ್ತದೆ. ಕೊಂಡಿಯ ಆಯುಸ್ಸು 30 ದಿನ. ಅಷ್ಟರೊಳಗೆ ಇಳಿಸಿಕೊಳ್ಳಬೇಕು.

ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳುವುದು

ಕಳುಹಿಸಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧದಲ್ಲಿಯೇ ಹೆಚ್ಚು ಜನ ಎಡವುವುದು. ಕಂಪ್ಯೂಟರಿನ ಬ್ರೌಸರಿನಲ್ಲಿ ಜಿಮೇಲ್ ತೆರೆದು ಮೇಲ್ ಒತ್ತಿದರೆ ಕೆಳಗೆ ಫೋಟೊಗಳ ಪುಟ್ಟ ರೂಪಗಳು ಕಾಣುತ್ತವೆ. ಅವು ಮೂಲ ಫೋಟೊಗಳಲ್ಲ, ತೋರಿಸುವುದಕ್ಕೆಂದು ಮಾಡಿದ ಚಿಕ್ಕ ಪ್ರತಿಗಳು. ಅವುಗಳ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಸೇವ್ ಇಮೇಜ್ ಎಂದು ಕೊಟ್ಟರೆ ಉಳಿಯುವುದೂ ಆ ಚಿಕ್ಕ ಪ್ರತಿಯೇ. ಫೋನಿನಿಂದ 4 ಎಂಬಿಯ ಫೋಟೊ ಸರಿಯಾಗಿಯೇ ಬಂದಿದ್ದು, ಕಂಪ್ಯೂಟರಿನಲ್ಲಿ ಕೆಲವೇ ಕೆಬಿಯ ಫೈಲ್ ಉಳಿದಿದ್ದರೆ ಆಗಿರುವುದು ಇದೇ. ಇದನ್ನು ತಪ್ಪಿಸಲು ಮೌಸನ್ನು ಪುಟ್ಟ ಚಿತ್ರದ ಮೇಲೆ ತಂದಾಗ ಕಾಣುವ ಕೆಳಮುಖ ಬಾಣದ ಗುರುತನ್ನು ಒತ್ತಬೇಕು. ಅದು ಡೌನ್‌ಲೋಡ್, ಮೂಲ ಫೋಟೊ ಇಳಿಯುತ್ತದೆ.

ಒಂದಕ್ಕಿಂತ ಹೆಚ್ಚು ಫೋಟೊ ಇದ್ದರೆ ಡೌನ್‌ಲೋಡ್ ಆಲ್ ಎಂಬ ಗುರುತೂ ಇರುತ್ತದೆ. ಅದನ್ನು ಒತ್ತಿದರೆ ಎಲ್ಲ ಫೋಟೊಗಳು ಒಂದೇ ಜಿಪ್ ಫೈಲಿನೊಳಗೆ ಕಟ್ಟಿಕೊಂಡು ಬರುತ್ತವೆ. ವಿಂಡೋಸ್‌ನಲ್ಲಿ ಜಿಪ್ ಫೈಲನ್ನು ಎರಡು ಸಲ ಒತ್ತಿದರೆ ಮಾಮೂಲಿ ಫೋಲ್ಡರಿನಂತೆಯೇ ತೆರೆದು ಫೋಟೊಗಳು ಕಾಣುವುದರಿಂದ ಎಲ್ಲ ಮುಗಿಯಿತೆಂದು ಅನ್ನಿಸುತ್ತದೆ. ಮುಗಿದಿರುವುದಿಲ್ಲ. ಜಿಪ್ ಒಳಗೇ ಇರುವ ಫೋಟೊವನ್ನು ಅರ್ಜಿಗೆ ಸೇರಿಸಲು ಹೋದರೆ, ತಿದ್ದಿ ಉಳಿಸಲು ಹೋದರೆ ತಕರಾರು ಬರುತ್ತದೆ. ಜಿಪ್ ಮೇಲೆ ಬಲಗುಂಡಿ ಒತ್ತಿ ಎಕ್ಸ್‌ಟ್ರಾಕ್ಟ್ ಆಲ್ ಕೊಟ್ಟು ಮೊದಲು ಬಿಚ್ಚಿಕೊಳ್ಳಬೇಕು. ಮ್ಯಾಕ್‌ನಲ್ಲಿ ಎರಡು ಸಲ ಒತ್ತಿದರೆ ತಾನೇ ಬಿಚ್ಚಿಕೊಳ್ಳುತ್ತದೆ.

ಇಳಿದ ಫೈಲುಗಳು ಸಾಮಾನ್ಯವಾಗಿ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಕೂರುತ್ತವೆ. ಅಲ್ಲಿಯೇ ಬಿಟ್ಟರೆ ಬ್ಯಾಂಕ್ ಸ್ಟೇಟ್‌ಮೆಂಟು, ವಿದ್ಯುತ್ ಬಿಲ್ಲುಗಳ ನಡುವೆ ಕಳೆದುಹೋಗುವುದು ಖಂಡಿತ. ಆಂಡ್ರಾಯ್ಡ್ ಫೋಟೊಗಳ ಹೆಸರು ಹೆಚ್ಚಾಗಿ ತಾರೀಖು, ಗಂಟೆ, ನಿಮಿಷಗಳ ಅಂಕಿಗಳಾಗಿರುತ್ತದೆ, ಐಫೋನಿನದು ಬರೀ ಕ್ರಮಸಂಖ್ಯೆ. ಪಿಕ್ಚರ್ಸ್ ಫೋಲ್ಡರಿನೊಳಗೆ ವರ್ಷದ ಹೆಸರಿನಲ್ಲಿ ಒಂದು ಫೋಲ್ಡರ್, ಅದರೊಳಗೆ ಸಂದರ್ಭದ ಹೆಸರಿನಲ್ಲಿ ಇನ್ನೊಂದು ಮಾಡಿ ಅಲ್ಲಿಗೆ ಸರಿಸಿಬಿಡಬೇಕು. ಫೋಲ್ಡರಿಗೆ ಕನ್ನಡದ ಹೆಸರನ್ನೇ ಇಡಬಹುದು. ಅರ್ಜಿಗೆ ಹಾಕುವ ಫೈಲಿಗೆ ಮಾತ್ರ ಇಂಗ್ಲಿಷ್ ಹೆಸರು ಇರುವುದು ಲೇಸು. ಕೆಲವು ಜಾಲತಾಣಗಳು ಬೇರೆ ಅಕ್ಷರಗಳನ್ನು ಒಪ್ಪುವುದಿಲ್ಲ.

ಕೊನೆಗೆ ಫೋಟೊವನ್ನು ತೆರೆದು ನೋಡಬೇಕು. ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿದರೆ ಗಾತ್ರ ಕಾಣುತ್ತದೆ. ಫೋನಿನಲ್ಲಿ ಕಂಡ ಗಾತ್ರಕ್ಕೆ ಅದು ಹೊಂದಬೇಕು. ಬಹಳ ಕಡಿಮೆಯಾಗಿದ್ದರೆ ಎಲ್ಲೋ ಕುಗ್ಗಿದೆ ಎಂದು ಅರ್ಥ. ಇಷ್ಟನ್ನು ನೋಡುವ ತನಕ ಫೋನಿನ ಫೋಟೊವನ್ನು ಅಳಿಸಲೇಬಾರದು.

ಸರ್ಕಾರಿ ನೇಮಕಾತಿ, ಪ್ರವೇಶ ಪರೀಕ್ಷೆಗಳ ಅರ್ಜಿಗಳಲ್ಲಿ ಸಮಸ್ಯೆ ತಿರುವುಮುರುವು. ಅಲ್ಲಿ ಫೋಟೊ ಇಷ್ಟು ಕೆಬಿಗಿಂತ ದೊಡ್ಡದಿರಬಾರದು ಎಂಬ ನಿಯಮ ಇರುತ್ತದೆ. ಅಂಥ ಕೆಲಸಕ್ಕೂ ಮೂಲ ಗಾತ್ರದ ಫೋಟೊವನ್ನೇ ಕಂಪ್ಯೂಟರಿಗೆ ತರಿಸಿಕೊಂಡು, ಅದರ ಇನ್ನೊಂದು ಪ್ರತಿ ಮಾಡಿ, ವಿಂಡೋಸ್‌ನ ಪೇಂಟ್‌ನಲ್ಲಿ ರೀಸೈಜ್ ಮೂಲಕ ಚಿಕ್ಕದು ಮಾಡುವುದು ಸರಿಯಾದ ಕ್ರಮ. ದೊಡ್ಡದನ್ನು ಚಿಕ್ಕದು ಮಾಡಬಹುದು. ಒಮ್ಮೆ ಕುಗ್ಗಿದ ಫೋಟೊವನ್ನು ಹಿಗ್ಗಿಸಿದರೆ ಹೋದ ವಿವರ ಮರಳಿ ಬರುವುದಿಲ್ಲ.

ಜೆರಾಕ್ಸ್ ಅಂಗಡಿಯ ಕಂಪ್ಯೂಟರು

ಮನೆಯಲ್ಲಿ ಕಂಪ್ಯೂಟರು ಇಲ್ಲದವರಿಗೆ ಊರಿನ ಜೆರಾಕ್ಸ್ ಅಂಗಡಿ ಅಥವಾ ಸೈಬರ್ ಸೆಂಟರೇ ಗತಿ. ಫೋಟೊ ಅಥವಾ ದಾಖಲೆ ಪ್ರಿಂಟ್ ಹಾಕಿಸಲು ಹೋದರೆ ಅಂಗಡಿಯವರು ಗೋಡೆಗೆ ಅಂಟಿಸಿದ ಇಮೇಲ್ ವಿಳಾಸದ ಕಡೆ ಬೆರಳು ತೋರಿಸಿ ‘ಇದಕ್ಕೆ ಮೇಲ್ ಮಾಡಿ’ ಎನ್ನುತ್ತಾರೆ. ಈ ಏರ್ಪಾಟು ಸುಲಭವಾದದ್ದು, ಆದರೆ ಎರಡು ವಿಷಯದಲ್ಲಿ ಎಚ್ಚರ ಬೇಕು.

ಒಂದು, ವಿಳಾಸ. ಇಂಗ್ಲಿಷಿನ ಸಣ್ಣ ಎಲ್ ಅಕ್ಷರಕ್ಕೂ ಒಂದು ಎಂಬ ಅಂಕಿಗೂ, ಓ ಅಕ್ಷರಕ್ಕೂ ಸೊನ್ನೆಗೂ ಕಣ್ಣಿಗೆ ವ್ಯತ್ಯಾಸ ಕಡಿಮೆ. ಅಡಿಗೆರೆ ಇದೆಯೋ ನಡುಗೆರೆ ಇದೆಯೋ ನೋಡಬೇಕು. ಜಿಮೇಲ್ ವಿಳಾಸದಲ್ಲಿ ಹೆಸರಿನ ನಡುವಿನ ಚುಕ್ಕಿ ಬಿಟ್ಟರೂ ಸೇರಿಸಿದರೂ ಮೇಲ್ ಅದೇ ಖಾತೆಗೆ ಹೋಗುತ್ತದೆ. ಬೇರೆ ಕಂಪನಿಗಳ ವಿಳಾಸಗಳಲ್ಲಿ ಒಂದು ಚುಕ್ಕಿ ತಪ್ಪಿದರೂ ಬೇರೆಯವರ ಪಾಲಾಗಬಹುದು. ಬಂತೇ ಎಂದು ಅಂಗಡಿಯವರನ್ನು ಕೇಳಿ, ಅವರ ಪರದೆಯಲ್ಲಿ ಕಣ್ಣಾರೆ ನೋಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು, ಕಳುಹಿಸಿದ್ದು ಅವರ ಮೇಲ್‌ಬಾಕ್ಸಿನಲ್ಲಿ ಉಳಿಯುತ್ತದೆ. ಹಬ್ಬದ ಫೋಟೊ ಆದರೆ ಚಿಂತೆಯಿಲ್ಲ. ಆಧಾರ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ಹೆಣ್ಣುಮಕ್ಕಳ ಪಾಸ್‌ಪೋರ್ಟ್ ಅಳತೆಯ ಫೋಟೊ ಇವೆಲ್ಲ ದಿನಕ್ಕೆ ಹತ್ತಾರು ಜನ ಕೈಯಾಡಿಸುವ ಕಂಪ್ಯೂಟರಿನಲ್ಲಿ ತಿಂಗಳುಗಟ್ಟಲೆ ಬಿದ್ದಿರುವುದು ಒಳ್ಳೆಯದಲ್ಲ. ಪ್ರಿಂಟ್ ಕೈಗೆ ಬಂದ ಮೇಲೆ ಮೇಲನ್ನೂ ಡೌನ್‌ಲೋಡ್ ಆದ ಫೈಲನ್ನೂ ಎದುರಿನಲ್ಲೇ ಅಳಿಸಲು ಹೇಳಬೇಕು. ಹೀಗೆ ಕೇಳುವುದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ. ಆಧಾರ್ ಕೊಡಲೇಬೇಕಾದಾಗ, ಒಪ್ಪುವ ಕಡೆಗಳಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅದು ಸಿಗುತ್ತದೆ.

ಅಂಗಡಿಯ ಕಂಪ್ಯೂಟರಿನಲ್ಲಿ ಸ್ವಂತ ಜಿಮೇಲ್ ತೆರೆಯುವುದು ಇದಕ್ಕಿಂತ ಹೆಚ್ಚು ಅಪಾಯದ ಕೆಲಸ. ತೆರೆಯಲೇಬೇಕಾದರೆ ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಬೇಕು. ಎರಡು ಹಂತದ ಪರಿಶೀಲನೆ ಇದ್ದರೆ ಫೋನಿಗೆ ಸೂಚನೆ ಬರುತ್ತದೆ. ಆ ಹೊತ್ತಿಗೆ ಕಂಪ್ಯೂಟರಿನ ಪರದೆಯಲ್ಲಿ ಈ ಸಾಧನದಲ್ಲಿ ಮತ್ತೆ ಕೇಳಬೇಡ ಎಂಬರ್ಥದ ಚೌಕದಲ್ಲಿ ಗುರುತು ಇದ್ದರೆ ತೆಗೆಯಬೇಕು. ಪಾಸ್‌ವರ್ಡ್ ಉಳಿಸಲೇ ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಬೇಕು. ಕೆಲಸವಾದ ಮೇಲೆ ಸೈನ್ ಔಟ್ ಮಾಡಿ, ಡೌನ್‌ಲೋಡ್ಸ್ ಫೋಲ್ಡರಿನಿಂದ ಫೋಟೊ ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಬೇಕು. ಸೈನ್ ಔಟ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಮನೆಗೆ ಬಂದ ಮೇಲೆ ಕಾಡಿದರೆ, ಫೋನಿನಿಂದಲೇ ಗೂಗಲ್ ಖಾತೆಯ ಸೆಕ್ಯೂರಿಟಿ ವಿಭಾಗದಲ್ಲಿ ಸಾಧನಗಳ ಪಟ್ಟಿ ತೆರೆದು ಆ ಕಂಪ್ಯೂಟರನ್ನು ಸೈನ್ ಔಟ್ ಮಾಡಬಹುದು.

ಫೋಟೊದ ಜೊತೆ ಕಣ್ಣಿಗೆ ಕಾಣದ ವಿವರಗಳೂ ಹೋಗುತ್ತವೆ. ತೆಗೆದ ದಿನ, ಸಮಯ, ಕ್ಯಾಮೆರಾದ ಮಾದರಿ, ಮತ್ತು ಸ್ಥಳದ ಸೆಟ್ಟಿಂಗ್ ಚಾಲೂ ಇದ್ದರೆ ಯಾವ ಜಾಗದಲ್ಲಿ ತೆಗೆದದ್ದು ಎಂಬುದೂ ಫೈಲಿನಲ್ಲಿಯೇ ಬರೆದಿರುತ್ತದೆ. ತನಗೆ ತಾನೇ ಕಳುಹಿಸಿಕೊಳ್ಳುವಾಗ ಇದು ವರವೇ, ಕಂಪ್ಯೂಟರಿನಲ್ಲಿ ಫೋಟೊಗಳು ತಾರೀಖಿನ ಪ್ರಕಾರ ಜೋಡಿಸಿಕೊಳ್ಳುತ್ತವೆ. ಪರಿಚಯವಿಲ್ಲದವರಿಗೆ ಮನೆಯಲ್ಲಿ ತೆಗೆದ ಫೋಟೊ ಕಳುಹಿಸುವಾಗ ಮನೆಯ ಜಾಗವೂ ತಿಳಿದುಬಿಡಬಹುದು. ಐಫೋನಿನಲ್ಲಿ ಶೇರ್ ಒತ್ತಿದಾಗ ಮೇಲೆ ಕಾಣುವ ಆಪ್ಶನ್ಸ್ ಒಳಗೆ ಲೊಕೇಶನ್ ಆಫ್ ಮಾಡಿದರೆ ಸ್ಥಳದ ವಿವರ ಬಿಟ್ಟುಹೋಗುತ್ತದೆ. ಆಂಡ್ರಾಯ್ಡ್ 10ರಿಂದ ಈಚೆಗೆ, ಪ್ರತ್ಯೇಕ ಅನುಮತಿ ಪಡೆಯದ ಆ್ಯಪ್‌ಗಳಿಗೆ ಫೋಟೊ ಕೊಡುವಾಗ ಫೋನು ಸ್ಥಳದ ವಿವರವನ್ನು ಮರೆಮಾಡುತ್ತದೆ. ಆದರೂ ಕಳುಹಿಸಿದ ದಾರಿಯ ಮೇಲೆ ಇದು ಬದಲಾಗಬಹುದು. ವಿಂಡೋಸ್‌ನಲ್ಲಿ ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದಲ್ಲಿ ಜಿಪಿಎಸ್ ಎಂಬ ಭಾಗ ಕಂಡರೆ ಸ್ಥಳ ಬಂದಿದೆ ಎಂದು ತಿಳಿಯಬೇಕು. ಅದೇ ಪುಟದ ಕೆಳಗೆ ಅಂಥ ವಿವರ ತೆಗೆದುಹಾಕುವ ಕೊಂಡಿಯೂ ಇದೆ.

ಮೇಲ್ ಹೋಗದೆ ನಿಂತಾಗ

ಮೊಬೈಲ್ ಜಾಲದಲ್ಲಿ ಇಳಿಸುವ ವೇಗಕ್ಕಿಂತ ಏರಿಸುವ ವೇಗ ಬಹಳ ಕಡಿಮೆ. ವಿಡಿಯೊ ಚೆನ್ನಾಗಿ ಓಡುವ ಜಾಗದಲ್ಲೂ ಫೋಟೊ ಮೇಲ್ ತೆವಳುವುದು ಇದರಿಂದಲೇ. ಏರಿಸುವ ವೇಗ ಸೆಕೆಂಡಿಗೆ 2 ಮೆಗಾಬಿಟ್ ಇದ್ದರೆ 18 ಎಂಬಿ ಹೋಗಲು ಒಂದು ನಿಮಿಷದ ಮೇಲೆ ಬೇಕು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಅಂಥ ಕಡೆ ಒಂದು ಮೇಲಿಗೆ ಒಂದೇ ಫೋಟೊ ಹಾಕಿ ಕಳುಹಿಸುವುದು ಜಾಣತನ. ನಡುವೆ ಕಡಿದುಹೋದರೂ ನಷ್ಟ ಒಂದೇ ಫೋಟೊದ್ದು.

ಕಳುಹಿಸಿದ ಮೇಲ್ ಕ್ಯೂಡ್ ಎಂಬ ಗುರುತಿನೊಂದಿಗೆ ಔಟ್‌ಬಾಕ್ಸಿನಲ್ಲೇ ಕುಳಿತಿದ್ದರೆ ಇಂಟರ್ನೆಟ್, ಡೇಟಾ ಸೇವರ್, ಬ್ಯಾಟರಿ ಸೇವರ್ ಮೂರನ್ನೂ ನೋಡಬೇಕು. ಜಿಮೇಲ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ಚಾಲೂ ಇದೆಯೇ ಎಂಬುದನ್ನೂ ನೋಡಬೇಕು. ಹೋಗಿದೆ, ಆದರೆ ಬಂದಿಲ್ಲ ಎಂದಾದರೆ ಆ ಕಡೆಯವರು ಸ್ಪ್ಯಾಮ್ ಫೋಲ್ಡರ್ ನೋಡಬೇಕು. ವಿಷಯವೂ ಬರಹವೂ ಇಲ್ಲದೆ ಬರೀ ಫೋಟೊ ಹೊತ್ತ ಮೇಲ್ ಸ್ಪ್ಯಾಮಿಗೆ ಬೀಳುವ ಸಂಭವ ಹೆಚ್ಚು; ಎರಡು ಸಾಲು ಬರೆದರೆ ಅದು ಕಡಿಮೆಯಾಗುತ್ತದೆ.

ಇಮೇಲಿಗೆ ಹೊರೆಯಾಗುವಷ್ಟು ಇದ್ದರೆ

ಮದುವೆಯ ಮುನ್ನೂರು ಫೋಟೊಗಳನ್ನು ಮೇಲಿನಲ್ಲಿ ಕಳುಹಿಸಲು ಕೂರುವುದು ವ್ಯರ್ಥ ಶ್ರಮ. ವಿಡಿಯೊ ಅಂತೂ ಒಂದು ನಿಮಿಷದ್ದೇ ಮಿತಿ ದಾಟಬಹುದು. ಇಪ್ಪತ್ತು ಫೋಟೊಗಳಾಚೆ ಕೇಬಲ್ಲೇ ಸರಿ. ಕೇಬಲ್ ಸಿಕ್ಕಿಸಿ, ಆಂಡ್ರಾಯ್ಡ್ ಫೋನಿನಲ್ಲಿ ಬರುವ ಯುಎಸ್‌ಬಿ ಸೂಚನೆಯಲ್ಲಿ ಚಾರ್ಜಿಂಗ್ ಬದಲು ಫೈಲ್ ಟ್ರಾನ್ಸ್‌ಫರ್ ಆರಿಸಿದರೆ ಕಂಪ್ಯೂಟರಿನಲ್ಲಿ ಫೋನು ಒಂದು ಡ್ರೈವಿನಂತೆ ಕಾಣುತ್ತದೆ. ಡಿಸಿಐಎಂ ಎಂಬ ಫೋಲ್ಡರಿನೊಳಗೆ ಕ್ಯಾಮೆರಾದ ಫೋಟೊಗಳಿರುತ್ತವೆ. ಸೂಚನೆಯೇ ಬರದಿದ್ದರೆ ಕೇಬಲ್ ಬದಲಿಸಿ ನೋಡಬೇಕು, ಏಕೆಂದರೆ ಅಗ್ಗದ ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗಿನ ತಂತಿ ಮಾತ್ರ ಇರುತ್ತದೆ, ಮಾಹಿತಿ ಸಾಗಿಸುವ ತಂತಿ ಇರುವುದಿಲ್ಲ. ಕೇಬಲ್ ಬೇಡವೆಂದರೆ ಆಂಡ್ರಾಯ್ಡ್ ಮತ್ತು ವಿಂಡೋಸ್ ನಡುವೆ ಕ್ವಿಕ್ ಶೇರ್, ಐಫೋನ್ ಮತ್ತು ಮ್ಯಾಕ್ ನಡುವೆ ಏರ್‌ಡ್ರಾಪ್ ಇವೆ. ಎರಡಕ್ಕೂ ಫೋನು ಕಂಪ್ಯೂಟರು ಹತ್ತಿರ ಇರಬೇಕು.

ಕೆಲಸ ಮುಗಿದ ಮೇಲೆ

ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವ 15 ಜಿಬಿ ಜಾಗ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಇರುವಂಥದ್ದು. 2021ರ ಜೂನ್ 1ರಿಂದ ಫೋಟೋಸ್‌ಗೆ ಹೊಸದಾಗಿ ಏರುವ ಫೋಟೊಗಳೂ ಇದೇ ಲೆಕ್ಕಕ್ಕೆ ಬೀಳುತ್ತಿವೆ. ಜಾಗ ಪೂರ್ತಿ ತುಂಬಿದರೆ ಮೇಲ್ ಕಳುಹಿಸಲೂ ಆಗುವುದಿಲ್ಲ, ಬರುವ ಮೇಲೂ ಬರುವುದಿಲ್ಲ. ಬ್ಯಾಂಕಿನ, ಕಾಲೇಜಿನ ಮುಖ್ಯ ಪತ್ರ ತಪ್ಪಿಹೋದ ಮೇಲೆ ಇದು ಗೊತ್ತಾಗುವಂತೆ ಆಗಬಾರದು. ಆದ್ದರಿಂದ ಫೋಟೊ ಕಂಪ್ಯೂಟರಿನಲ್ಲಿ ಸರಿಯಾಗಿ ಕೂತಿದೆ ಎಂದು ಖಚಿತವಾದ ಮೇಲೆ ಆ ಮೇಲನ್ನು ಅಳಿಸಬಹುದು. ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲಿ ಉಳಿದು ಆಮೇಲೆ ತಾನೇ ಹೋಗುತ್ತದೆ. ಜಾಗ ಕೂಡಲೇ ಬೇಕಾದರೆ ಟ್ರ್ಯಾಶನ್ನೂ ಖಾಲಿ ಮಾಡಬೇಕು. ಹಳೆಯ ಭಾರದ ಮೇಲ್‌ಗಳನ್ನು ಹುಡುಕಲು ಕಂಪ್ಯೂಟರಿನಲ್ಲಿ ಜಿಮೇಲಿನ ಹುಡುಕು ಪಟ್ಟಿಯ ಬಲತುದಿಯ ಗುರುತು ಒತ್ತಿ, ಸೈಜ್ ಎಂಬಲ್ಲಿ 10 ಎಂಬಿಗಿಂತ ಹೆಚ್ಚು ಎಂದು ತುಂಬಿದರೆ ಅಂಥವಷ್ಟೇ ಸಾಲಾಗಿ ಬರುತ್ತವೆ. ಜನನ ಪ್ರಮಾಣಪತ್ರ, ಪಹಣಿ, ಅಂಕಪಟ್ಟಿಗಳ ಫೋಟೊ ಇರುವ ಮೇಲ್‌ಗಳನ್ನು ಮಾತ್ರ ಅಳಿಸದೆ ಒಂದು ಲೇಬಲ್ ಹಾಕಿ ಉಳಿಸಿಕೊಳ್ಳುವುದು ಒಳಿತು. ಫೋನು ಕಳೆದರೂ ಕಂಪ್ಯೂಟರು ಕೆಟ್ಟರೂ ಅವು ಯಾವ ಊರಿನಿಂದಲಾದರೂ ಮತ್ತೆ ಕೈಗೆ ಸಿಗುತ್ತವೆ.